ಅಕ್ಕನ ಟಬ್ಬಿನಲ್ಲಿ ಸೊರಗಿದ ಚೀಲದ ಗಿಡ: ಒಂದು ಪ್ರಕರಣ ಅಧ್ಯಯನ

ಜನವರಿ ಎರಡನೇ ವಾರ ಅಕ್ಕನ ಫೋನ್ ಬಂತು. "ನಾವು ತಂದ ಗಿಡ ಹೋಗ್ತಾ ಉಂಟು ಮಾರಾಯ. ಗೊತ್ತಿದ್ದದ್ದೆಲ್ಲಾ ಮಾಡಿ ಆಯ್ತು. ಒಮ್ಮೆ ಬಂದು ನೋಡು."

ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು. ಕೊಡಗಿನ ಗೋಣಿಕೊಪ್ಪಲಿನಿಂದ ಸ್ವಲ್ಪ ಒಳಗೆ ಅವರ ಕಾಫಿ ತೋಟ. ಆಗ ರೊಬಸ್ಟಾ ಕೊಯ್ಲು ಶುರುವಾಗಿತ್ತು. ಕಣದ ತುಂಬ ಹಣ್ಣು ಹರಡಿತ್ತು. ಅಷ್ಟು ಕೆಲಸದ ನಡುವೆಯೂ ಅವಳು ದಿನಾ ಬೆಳಿಗ್ಗೆ ಆ ಟಬ್ಬಿನ ಮುಂದೆ ಕೂರುತ್ತಿದ್ದಳು. ಅಷ್ಟು ಆಸೆಯಿಂದ ತಂದ ಗಿಡ ಅದು.

ಗಿಡದ ಹೆಸರು ಯುಟ್ರಿಕ್ಯುಲೇರಿಯಾ ಆರಿಯಾ. ಬ್ಲಾಡರ್‌ವರ್ಟ್ ಗುಂಪಿಗೆ ಸೇರಿದ್ದು. ನಮ್ಮ ಮನೆಗಳಲ್ಲಿ ಅದಕ್ಕೆ ಚೀಲದ ಗಿಡ ಅಂತಲೇ ಹೆಸರು ಬಿದ್ದಿದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಗದ್ದೆಯ ಹೊಂಡಗಳಲ್ಲಿ, ಹಳೆ ಕೆರೆಗಳಲ್ಲಿ ತೇಲುತ್ತಾ ಇರುತ್ತದೆ. ಹಳದಿ ಹೂ ನೀರಿನ ಮೇಲೆ ನಿಂತಾಗ ಮಾತ್ರ ಜನ ಗಮನಿಸುತ್ತಾರೆ. ಉಳಿದ ಸಮಯದಲ್ಲಿ ನೋಡಿದವರು ಪಾಚಿ ಅಂದುಕೊಂಡು ಮುಂದೆ ಹೋಗುತ್ತಾರೆ.

ಮಾಂಸ ತಿನ್ನುವ ನೀರಿನ ಗಿಡವನ್ನು ಮನೆಯಲ್ಲಿ ಬೆಳೆಸುವಾಗ ಅದರ ಬೆಳವಣಿಗೆ ಎಲ್ಲಿ ನಿಂತುಹೋಗುತ್ತದೆ, ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಈ ಒಂದು ಟಬ್ಬು ಒಳ್ಳೆ ಉದಾಹರಣೆ. ಹಾಗಾಗಿ ಅಕ್ಕನ ಒಪ್ಪಿಗೆ ಪಡೆದು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಗಿಡದ ಬಗ್ಗೆ

ಈ ಗಿಡಕ್ಕೆ ಬೇರೇ ಇಲ್ಲ. ಉದ್ದ ದಾರದಂಥ ಕಾಂಡ, ಅದರ ಸುತ್ತ ನೂಲಿನ ಹಾಗೆ ಸೀಳಿದ ಎಲೆ, ಎಲೆಗಳ ನಡುವೆ ಚೀಲಗಳು. ದೊಡ್ಡ ಚೀಲ ಸಾಸಿವೆ ಕಾಳಿನಷ್ಟು, ಉಳಿದವು ಇನ್ನೂ ಸಣ್ಣ. ಗಿಡ ಒಂದು ತುದಿಯಲ್ಲಿ ಬೆಳೆಯುತ್ತಾ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಕೊಳೆಯುತ್ತಾ ಬರುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ. ಗಿಡ ಗಿಡ್ಡ ಆಗುತ್ತಿದೆ ಅಂದರೆ ಹಿಂದಿನಿಂದ ಕೊಳೆಯುವಷ್ಟು ಬೇಗ ಮುಂದಿನ ತುದಿ ಬೆಳೆಯುತ್ತಿಲ್ಲ ಅಂತ ಅರ್ಥ. ಹಾಗಾಗಿ ನೋಡಬೇಕಾದದ್ದು ತುದಿಯನ್ನು.

ಚೀಲದ ಕೆಲಸ ನೋಡಿದರೆ ಈಗಲೂ ನನಗೆ ಆಶ್ಚರ್ಯ ಆಗುತ್ತದೆ. ಗಿಡ ಚೀಲದ ಒಳಗಿನ ನೀರನ್ನು ಹೊರಗೆ ಹಾಕುತ್ತದೆ. ಚೀಲದ ಗೋಡೆ ಒಳಗೆ ಕುಗ್ಗುತ್ತದೆ. ಬಾಯಿಗೆ ಒಂದು ಬಾಗಿಲು, ಬಾಗಿಲ ಮೇಲೆ ಸಣ್ಣ ಕೂದಲು. ನೀರಿನಲ್ಲಿ ಕುಪ್ಪಳಿಸುವ ಸಣ್ಣ ಜೀವಿ ನೀರು ಚಿಗಟ ಆ ಕೂದಲಿಗೆ ತಾಗಿದರೆ ಸಾಕು, ಬಾಗಿಲು ತೆರೆದು, ನೀರಿನ ಜೊತೆ ಚಿಗಟ ಒಳಗೆ ಸೆಳೆದು ಹೋಗುತ್ತದೆ. ಇದೆಲ್ಲ ಆಗಲು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಸಮಯವೂ ಬೇಡ. ಆಮೇಲೆ ಸುಮಾರು ಅರ್ಧ ಗಂಟೆಯಲ್ಲಿ ಚೀಲ ಮತ್ತೆ ಸಿದ್ಧ. 1875ರ ಹೊತ್ತಿಗೆ ಡಾರ್ವಿನ್ ಕೂಡ ಹುಳವೇ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತದೆ ಅಂದುಕೊಂಡಿದ್ದರು. ಗಿಡವೇ ಒಳಗೆ ಎಳೆದುಕೊಳ್ಳುತ್ತದೆ ಎಂಬುದು ಆಮೇಲೆ ತಿಳಿದದ್ದು.

ಆರೋಗ್ಯವಾಗಿರುವ ಗಿಡವನ್ನು ನೀರಿನಿಂದ ಮೇಲೆ ಎತ್ತಿ ಕಿವಿಯ ಹತ್ತಿರ ಹಿಡಿಯಬೇಕು. ಪಟ್ ಪಟ್ ಅಂತ ಸಣ್ಣ ಸದ್ದು ಕೇಳುತ್ತದೆ. ಸಿದ್ಧವಾಗಿದ್ದ ಚೀಲಗಳು ನೀರಿನ ಬದಲು ಗಾಳಿ ಎಳೆದುಕೊಳ್ಳುವ ಸದ್ದು ಅದು. ಅಕ್ಟೋಬರಿನಲ್ಲಿ ಹೊಂಡದಿಂದ ಎತ್ತಿದಾಗ ಅಕ್ಕನಿಗೆ ಇದನ್ನು ಕೇಳಿಸಿದ್ದೆ. ಅವಳು ಗಿಡವನ್ನು ಕಿವಿಗೆ ಹಿಡಿದುಕೊಂಡು ಗದ್ದೆ ಬದುವಿನ ಮೇಲೆ ಎಷ್ಟೋ ಹೊತ್ತು ನಿಂತಿದ್ದಳು.

ಜನವರಿಯಲ್ಲಿ ಟಬ್ಬಿನಿಂದ ಎತ್ತಿ ಕಿವಿಗೆ ಹಿಡಿದೆ. ಸದ್ದೇ ಇಲ್ಲ.

ಆವರೆಗೆ ಆದದ್ದು

ಗಿಡ ತಂದದ್ದು ನಮ್ಮ ಸಂಬಂಧಿಕರ ಗದ್ದೆ ಮೂಲೆಯ ಹೊಂಡದಿಂದ. ಮೊದಲು ಹಾಕಿದ್ದು ಮನೆ ಮುಂದಿನ ಹೊಸ ಸಿಮೆಂಟ್ ತೊಟ್ಟಿಗೆ, ತಾವರೆ ಬೆಳೆಸೋಣ ಅಂತ ಕಟ್ಟಿಸಿದ್ದು. ಹತ್ತು ದಿನದಲ್ಲಿ ಗಿಡ ಬಿಳಚಿ, ಮುಟ್ಟಿದರೆ ಪುಡಿಯಾಯಿತು. ಹೊಸ ಸಿಮೆಂಟು ತಿಂಗಳುಗಟ್ಟಲೆ ಸುಣ್ಣ ಬಿಡುತ್ತಲೇ ಇರುತ್ತದೆ, ಅದರಲ್ಲಿ ಮೀನೂ ಬದುಕುವುದಿಲ್ಲ. ಇಷ್ಟು ಬೇಗ ಸತ್ತದ್ದಕ್ಕೆ ಕಾರಣ ಹುಡುಕುವ ಕಷ್ಟವೇ ಬರಲಿಲ್ಲ.

ಮತ್ತೆ ಹೊಂಡಕ್ಕೆ ಹೋಗಿ ತಂದಳು. ಈ ಸಲ ಕಪ್ಪು ಪ್ಲಾಸ್ಟಿಕ್ ಟಬ್ಬು, ಅಗಲ ಇದೆ, ಒಂದು ಮೊಳ ಆಳ. ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆ ನೀರು ಹಾಕಿದಳು. ತಳಕ್ಕೆ ತೊಳೆದ ಮರಳು. ಜೊತೆಗೆ ಅಕ್ವೇರಿಯಂ ಅಂಗಡಿಯಿಂದ ತಂದ ಒಂದು ಹಿಡಿ ಹೈಡ್ರಿಲ್ಲಾ ಎಂಬ ನೀರಿನ ಗಿಡ, ಆಮ್ಲಜನಕಕ್ಕೆ ಒಳ್ಳೇದು ಅಂತ. ಮೊದಲ ಮೂರು ವಾರ ಗಿಡ ಚೆನ್ನಾಗಿಯೇ ಇತ್ತು. ನವೆಂಬರ್ ಕೊನೆಗೆ ತುದಿ ಸಣ್ಣಗಾಯಿತು.

ಅಲ್ಲಿಂದ ಅಕ್ಕ ಒಂದೊಂದೇ ಉಪಾಯ ಮಾಡುತ್ತಾ ಹೋದಳು. ಗಿಡ ಹಸಿದಿದೆ ಅನ್ನಿಸಿತು, ತೋಟಕ್ಕೆ ಹೊಡೆಯುವ 19:19:19 ಗೊಬ್ಬರ ಒಂದು ಚಿಟಿಕೆ ಹಾಕಿದಳು. ವಾರದಲ್ಲಿ ಕೂದಲು ಪಾಚಿ ಎದ್ದಿತು. ಸೊಳ್ಳೆ ಮರಿ ಆಯಿತು ಅಂತ ಅತ್ತೆ ಬೇಜಾರು ಮಾಡಿಕೊಂಡರು, ಆರು ಗಪ್ಪಿ ಮೀನು ಬಿಟ್ಟಳು. ನೀರು ನಿಂತ ಕಾರಣ ಪಾಚಿ ಬಂತು ಅಂತ ಯಾರೋ ಹೇಳಿದರು, ಗುಳ್ಳೆ ಬಿಡುವ ಸಣ್ಣ ಪಂಪು ಇಟ್ಟಳು. ಬಿಸಿಲು ಸಾಲದೇನೋ ಅಂತ ಟಬ್ಬನ್ನು ಅಂಗಳದ ನಡುವೆ ತಂದಳು. ಡಿಸೆಂಬರಿನಲ್ಲಿ ಮಳೆ ನೀರು ಮುಗಿದ ಮೇಲೆ ಬೋರ್‌ವೆಲ್ ನೀರು ತುಂಬಿಸುತ್ತಾ ಬಂದಳು.

ಇದರಲ್ಲಿ ಒಂದೂ ಯೋಚನೆ ಇಲ್ಲದೆ ಮಾಡಿದ್ದಲ್ಲ. ಬೇರೆ ಯಾವ ಗಿಡಕ್ಕಾದರೂ ಅರ್ಧದಷ್ಟು ಉಪಾಯ ಫಲ ಕೊಡುತ್ತಿತ್ತು. ನಾನೇ ಆಗಿದ್ದರೂ ಮೊದಲ ವರ್ಷ ಇದನ್ನೇ ಮಾಡುತ್ತಿದ್ದೆ.

ಟಬ್ಬಿನ ಮುಂದೆ ಒಂದು ದಿನ

ನಾನು ತಲುಪಿದ್ದು ಬೆಳಿಗ್ಗೆ ಏಳಕ್ಕೆ. ಇಬ್ಬನಿ ಇನ್ನೂ ಇಳಿಯುತ್ತಿತ್ತು. ಒಂದು ತುಂಡು ಗಿಡವನ್ನು ಬಿಳಿ ತಟ್ಟೆಯ ನೀರಿನಲ್ಲಿ ಹರಡಿ ಲೆನ್ಸಿನಲ್ಲಿ ನೋಡಿದೆ. ಗಿಡದ ಉದ್ದ ನನ್ನ ಬೆರಳಿನಷ್ಟೇ. ಹೊಂಡದಲ್ಲಿ ಇದು ಒಂದು ಮೀಟರಿನವರೆಗೂ ಬೆಳೆಯಬಲ್ಲದು. ಒಳ್ಳೆ ಗಿಡದ ತುದಿ ಸುರುಳಿ ಸುತ್ತಿದ ತೆರ್ಮೆ ಸೊಪ್ಪಿನ (ಜರೀಗಿಡದ ಎಳೆ ಚಿಗುರಿನ) ಹಾಗೆ ದಪ್ಪವಾಗಿ ಇರುತ್ತದೆ. ಇಲ್ಲಿ ಗುಂಡುಸೂಜಿಯ ತಲೆಯಷ್ಟು. ಎಲೆಗಳ ಮೇಲೆ ಹಸಿರು ಕೂದಲು ಪಾಚಿ ಹತ್ತಿ ಸುತ್ತಿದ ಹಾಗೆ ಸುತ್ತಿತ್ತು. ಚೀಲಗಳು ಇದ್ದವು, ಆದರೆ ಕಡಿಮೆ, ಸಣ್ಣ, ಹೆಚ್ಚಿನವು ಖಾಲಿ. ಒಳಗೆ ಒಂದೇ ಒಂದು ಚಿಗಟದ ಕಪ್ಪು ಚುಕ್ಕಿ ಕಾಣಲಿಲ್ಲ.

ಖಾಲಿ ಚೀಲ ನೋಡಿದಾಗ ಅಕ್ಕ ಹೇಳಿದಳು, "ಮೀನೇ ಎಲ್ಲಾ ತಿಂದುಬಿಟ್ಟಿದೆ, ಅಲ್ವಾ?" ಹೌದು, ಗಪ್ಪಿ ಇರುವ ನೀರಿನಲ್ಲಿ ನೀರು ಚಿಗಟ ಉಳಿಯುವುದಿಲ್ಲ. ಮೀನಿನ ಹಿಕ್ಕೆ ಪಾಚಿಗೆ ಗೊಬ್ಬರ ಬೇರೆ. ಆದರೆ ಬೇಟೆ ಸಿಗದಿದ್ದರೆ ಈ ಗಿಡ ನಿಧಾನ ಆಗುತ್ತದೆಯೇ ಹೊರತು ಇಷ್ಟು ಬೇಗ ಕರಗಿಹೋಗುವುದಿಲ್ಲ. ಊಟ ಕಡಿಮೆ ಆದರೆ ಅದು ಸಾಮಾನ್ಯವಾಗಿ ಇನ್ನಷ್ಟು ಚೀಲ ಮಾಡುತ್ತದೆ. ಇಲ್ಲಿ ಚೀಲವೂ ಕಡಿಮೆ. ಅಂದರೆ ಚೀಲ ಕಟ್ಟುವುದಕ್ಕೇ ಗಿಡಕ್ಕೆ ತ್ರಾಣ ಇರಲಿಲ್ಲ.

ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಅಳೆಯುವ ಪಿಎಚ್ ಪೆನ್ನು ಇಳಿಸಿದೆ. 7 ಅಂದರೆ ಸಮ, ಮೇಲೆ ಹೋದಷ್ಟೂ ಕ್ಷಾರ. 7.4. ಸ್ವಲ್ಪ ಜಾಸ್ತಿ, ಆದರೆ ಸಾಯುವಷ್ಟು ಅಲ್ಲ. ಡಿಸೆಂಬರಿನಲ್ಲಿ ಅಕ್ಕ ಸಾಲ ತಂದ ಪೆನ್ನಿನಲ್ಲಿ ನೋಡಿದಾಗಲೂ ಹೀಗೇ ಇತ್ತಂತೆ. ಅದೂ ಬೆಳಿಗ್ಗೆ, ಕೊಯ್ಲಿಗೆ ಹೋಗುವ ಮುಂಚೆ. ಅದಕ್ಕೇ "ನೀರು ಸರಿ ಉಂಟು" ಅಂತ ಅವಳು ಬಿಟ್ಟುಬಿಟ್ಟಿದ್ದಳು.

ನನ್ನನ್ನು ಯೋಚನೆಗೆ ಹಚ್ಚಿದ್ದು ಹೈಡ್ರಿಲ್ಲಾ. ಅದೇ ಟಬ್ಬು, ಅದೇ ನೀರು, ಅದೇ ಬಿಸಿಲು. ಚೀಲದ ಗಿಡ ಸಾಯುತ್ತಿದೆ, ಹೈಡ್ರಿಲ್ಲಾ ಮಾತ್ರ ಟಬ್ಬಿನ ಅರ್ಧ ತುಂಬಿದೆ. ಪಾಚಿಯೂ ಹಾಗೇ ಕೊಬ್ಬಿದೆ. ಇವೆರಡಕ್ಕೆ ಸಿಗುತ್ತಿರುವ ಯಾವುದೋ ಒಂದು ಚೀಲದ ಗಿಡಕ್ಕೆ ಸಿಗುತ್ತಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಮೂರು ಗಂಟೆಗೆ ಮತ್ತೆ ಪೆನ್ನು ಇಳಿಸಿದೆ. 9.4. ನಂಬಲಿಲ್ಲ. ಪೆನ್ನು ತೊಳೆದು ಇನ್ನೊಮ್ಮೆ ನೋಡಿದೆ, ಹನಿ ಹಾಕುವ ಕಿಟ್ಟಿನಲ್ಲೂ ನೋಡಿದೆ. ಅಷ್ಟೇ. ಬೆಳಿಗ್ಗೆಯ 7.4 ಮಧ್ಯಾಹ್ನಕ್ಕೆ 9.4 ಆಗಿತ್ತು. ದಿನಾ ಹೀಗೇ ಆಗುತ್ತಿತ್ತು, ಯಾರೂ ಆ ಹೊತ್ತಿಗೆ ನೋಡಿರಲಿಲ್ಲ.

ಇದರ ಅರ್ಥ ಏನು?

ನೀರಿನೊಳಗಿನ ಗಿಡಕ್ಕೆ ಇಂಗಾಲ ಎರಡು ರೂಪದಲ್ಲಿ ಇರುತ್ತದೆ. ಒಂದು, ಕರಗಿದ ಕಾರ್ಬನ್ ಡೈಆಕ್ಸೈಡ್. ಇನ್ನೊಂದು ಬೈಕಾರ್ಬನೇಟ್. ಹೈಡ್ರಿಲ್ಲಾದಂಥ ಗಿಡ ಎರಡನ್ನೂ ಬಳಸಿಕೊಳ್ಳುತ್ತದೆ. ಅನೇಕ ಪಾಚಿಗಳೂ ಹಾಗೇ. ನೀರಿನ ಮಾಂಸಾಹಾರಿ ಗಿಡಗಳಿಗೆ ಆ ಶಕ್ತಿ ಇಲ್ಲ, ಅವಕ್ಕೆ ಕಾರ್ಬನ್ ಡೈಆಕ್ಸೈಡೇ ಬೇಕು. ಜೆಕ್ ದೇಶದ ಟ್ರೆಬೋನ್‌ನಲ್ಲಿ ಲುಬೋಮಿರ್ ಆದಮೆಟ್ಸ್ ಎಂಬ ವಿಜ್ಞಾನಿ ದಶಕಗಳಿಂದ ಈ ಗಿಡಗಳನ್ನೇ ಬೆಳೆಸಿ ಅಭ್ಯಾಸ ಮಾಡಿದ್ದಾರೆ. ಅವರು ಮತ್ತೆ ಮತ್ತೆ ಒತ್ತಿ ಹೇಳುವುದು ಇದನ್ನೇ: ಕರಗಿದ ಕಾರ್ಬನ್ ಡೈಆಕ್ಸೈಡ್ ಸಾಲದಿದ್ದರೆ ಈ ಗಿಡ ಬೆಳೆಯದು.

ಪಿಎಚ್‌ಗೂ ಇದಕ್ಕೂ ನೇರ ಸಂಬಂಧ ಇದೆ. ಪಿಎಚ್ ಸುಮಾರು 6.4 ಇದ್ದರೆ ಎರಡೂ ರೂಪ ಅರ್ಧರ್ಧ. ಅಲ್ಲಿಂದ ಮೇಲೆ ಹೋದಷ್ಟೂ ಕಾರ್ಬನ್ ಡೈಆಕ್ಸೈಡ್ ಪಾಲು ಕುಸಿಯುತ್ತದೆ. 8.3ರ ಹೊತ್ತಿಗೆ ನೂರರಲ್ಲಿ ಒಂದು ಪಾಲು. 9.4ರಲ್ಲಿ ಅದೂ ಇಲ್ಲ ಅನ್ನಬಹುದು. ಗಾಳಿಯಿಂದ ಬರಬಹುದಲ್ಲ ಅಂದರೆ, ನೀರಿನಲ್ಲಿ ಈ ಅನಿಲ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಪಾಚಿ ಹೀರಿಕೊಂಡಷ್ಟು ಬೇಗ ಅದು ತುಂಬಿಕೊಳ್ಳುವುದಿಲ್ಲ.

ಈಗ ಅಕ್ಕನ ಟಬ್ಬಿನ ಕತೆ ಬೇರೆಯೇ ಕಾಣುತ್ತದೆ. ಬೆಳಿಗ್ಗೆ ಎಂಟಕ್ಕೆ ಬಿಸಿಲು ಬೀಳುತ್ತದೆ. ರಾತ್ರಿ ಉಸಿರಾಟದಿಂದ ಸೇರಿದ ಕಾರ್ಬನ್ ಡೈಆಕ್ಸೈಡನ್ನು ಪಾಚಿ, ಹೈಡ್ರಿಲ್ಲಾ ಸೇರಿ ಒಂದೆರಡು ಗಂಟೆಯಲ್ಲಿ ಮುಗಿಸುತ್ತವೆ. ಆಮೇಲೆ ಅವು ಬೈಕಾರ್ಬನೇಟಿಗೆ ಕೈ ಹಾಕುತ್ತವೆ, ಪಿಎಚ್ ಇನ್ನೂ ಏರುತ್ತದೆ. ಚೀಲದ ಗಿಡಕ್ಕೆ ಬೆಳಗಿನ ಆ ಎರಡು ಗಂಟೆ ಬಿಟ್ಟರೆ ಉಳಿದ ದಿನವೆಲ್ಲ ಬಿಸಿಲಲ್ಲಿ ಉಪವಾಸ. ಬೋರ್‌ವೆಲ್ ನೀರು ಬೈಕಾರ್ಬನೇಟನ್ನು ಹೆಚ್ಚಿಸಿತು, ಅದರಿಂದ ಲಾಭ ಆದದ್ದು ಹೈಡ್ರಿಲ್ಲಾಕ್ಕೆ. ಬಿಸಿಲಿಗೆ ತಂದದ್ದರಿಂದ ಪಾಚಿಯ ಕೆಲಸ ಇನ್ನೂ ಬೇಗ ಆಯಿತು.

ಗುಳ್ಳೆ ಪಂಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತುಂಬಾ ಜನ ಇದನ್ನು ಇಡುತ್ತಾರೆ. ಗುಳ್ಳೆ ಬಿಟ್ಟರೆ ನೀರು ಗಾಳಿಯ ಜೊತೆ ಸಮ ಆಗಲು ನೋಡುತ್ತದೆ. ಗಾಳಿಯ ಜೊತೆ ಸಮ ಆದ ನೀರಿನಲ್ಲಿ ಇರುವ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಅಲ್ಲ. ಎಲೆ ಕೊಳೆಯುವ ಹೊಂಡದಲ್ಲಿ ಅದರ ಹತ್ತಾರು ಪಟ್ಟು ಇರಬಲ್ಲದು. ಅಂದರೆ ರಾತ್ರಿಯಿಡೀ ಪಂಪು ಓಡಿದರೆ, ಕೂಡಿ ಬಂದ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ತಳ್ಳುತ್ತದೆ. ಮೀನಿಗೆ ಒಳ್ಳೇದು. ಈ ಗಿಡಕ್ಕೆ ಕೆಟ್ಟದ್ದು. ಅಕ್ಕ ಅದನ್ನು ರಾತ್ರಿ ಹೊತ್ತೇ ಓಡಿಸುತ್ತಿದ್ದಳು.

ಹೊಂಡಕ್ಕೆ ಮತ್ತೆ

ಮರುದಿನ ಗಿಡ ತಂದಿದ್ದ ಹೊಂಡಕ್ಕೆ ಹೋದೆವು. ಭತ್ತ ಕೊಯ್ದು ಗದ್ದೆ ಒಣಗಿತ್ತು. ಹೊಂಡದಲ್ಲಿ ಇನ್ನೂ ಮೊಣಕಾಲುದ್ದ ನೀರು. ನೀರಿನ ಬಣ್ಣ ಹಾಲಿಲ್ಲದ ಚಹಾದ ಹಾಗೆ. ದಂಡೆಯಲ್ಲಿ ಜೇಕು ಹುಲ್ಲು ಬೆಳೆದು, ಹಳೆ ಎಲೆ ನೀರಿಗೆ ಬಾಗಿ ಕೊಳೆಯುತ್ತಿತ್ತು. ತಳದಲ್ಲಿ ಹಲಸಿನ ಎಲೆ, ಹುಲ್ಲು, ಕರಿ ಕೆಸರು. ಕೋಲು ಊರಿದರೆ ಗುಳ್ಳೆ ಮೇಲೆ ಬರುತ್ತಿತ್ತು. ಆ ನೀರಿನಲ್ಲಿ ಚೀಲದ ಗಿಡ ನನ್ನ ತೋಳುದ್ದ ಬೆಳೆದು ಒಂದರ ಮೇಲೊಂದು ಬಿದ್ದಿತ್ತು. ಕೂದಲು ಪಾಚಿ ಹುಡುಕಿದರೂ ಸಿಗಲಿಲ್ಲ.

ಪಿಎಚ್ ಬೆಳಿಗ್ಗೆ 6.2. ಮಧ್ಯಾಹ್ನ ಮೂರಕ್ಕೆ 6.5.

ಒಂದು ಲೋಟ ನೀರು ತುಂಬಿ ಬೆಳಕಿಗೆ ಹಿಡಿದೆವು. ನೀರು ಚಿಗಟ ಕುಪ್ಪಳಿಸುತ್ತಿದ್ದವು, ಕಾಳಿನಂಥ ಚಿಪ್ಪು ಇರುವ ಸಣ್ಣ ಜೀವಿಗಳೂ ಇದ್ದವು. ಗಿಡ ಎತ್ತಿದೆ. ಪಟ್ ಪಟ್.

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳುವಾಗ ಅತ್ತೆ ಒಲೆ ಮುಂದಿನಿಂದಲೇ ಮಾತಾಡಿದರು. "ಅದು ಗದ್ದೆಯ ಕೊಳೆ ನೀರಲ್ಲೇ ಹುಟ್ಟಿದ್ದು. ಇವಳು ದಿನಾ ಟಬ್ಬು ತೊಳೆದು, ಮರಳು ತೊಳೆದು, ಬಿದ್ದ ಎಲೆ ಎಲ್ಲಾ ತೆಗೀತಾಳೆ. ಅದಕ್ಕೆ ಎಂತ ಇರುದು ಅಲ್ಲಿ?" ನಾನು ಒಂದು ದಿನ ಪೂರ್ತಿ ಅಳೆದು ಕಂಡುಕೊಂಡದ್ದನ್ನು ಅವರು ಗದ್ದೆಯಲ್ಲಿ ಕೆಲಸ ಮಾಡಿದ ವರ್ಷಗಳಿಂದ ಬಲ್ಲರು. ಕೊಳೆಯುವ ಎಲೆಯೇ ಆ ಹೊಂಡದಲ್ಲಿ ಹಗಲಿಡೀ ಕಾರ್ಬನ್ ಡೈಆಕ್ಸೈಡ್ ಕೊಡುತ್ತಿರುವುದು. ಅದೇ ಎಲೆಯ ಕಂದು ರಸ ಬೆಳಕನ್ನು ತಗ್ಗಿಸಿ ಪಾಚಿಯನ್ನು ಹತೋಟಿಯಲ್ಲಿ ಇಡುತ್ತದೆ.

ಮೊದಲ ತಪ್ಪು, ಆಮೇಲೆ ನಾಲ್ಕು ಬಕೆಟ್

ಅತ್ತೆಯ ಮಾತು ಕೇಳಿ ನಾವು ಅವಸರ ಮಾಡಿದೆವು. ಹೊಸ ಟಬ್ಬಿಗೆ ಎರಡು ಹಿಡಿ ಭತ್ತದ ಹುಲ್ಲು ಹಾಕಿ ಗಿಡ ಬಿಟ್ಟೆವು. ಐದನೇ ದಿನ ಕೊಳೆತ ಮೊಟ್ಟೆ ವಾಸನೆ. ತಳ ಕಪ್ಪಾಗಿತ್ತು, ಗಿಡ ಮೆತ್ತಗಾಗಿತ್ತು. ಹುಲ್ಲು ಬೇಗ ಕೊಳೆಯುತ್ತದೆ, ಒಮ್ಮೆಲೇ ಅಷ್ಟು ಹಾಕಿದರೆ ನೀರಿನ ಆಮ್ಲಜನಕವೇ ಮುಗಿಯುತ್ತದೆ. ಹೊಂಡದಷ್ಟು ಅಗಲ ಇಲ್ಲದ ಟಬ್ಬಿನಲ್ಲಿ ಅಳತೆ ತಪ್ಪಿದರೆ ಹೀಗೇ ಆಗುವುದು.

ಹಾಗಾಗಿ ಸರಿಯಾಗಿ ನೋಡೋಣ ಅಂತ ತೀರ್ಮಾನಿಸಿದೆವು. ಇಪ್ಪತ್ತು ಲೀಟರಿನ ನಾಲ್ಕು ಪೇಂಟ್ ಬಕೆಟ್ ಚೆನ್ನಾಗಿ ತೊಳೆದು, ನೆರಳು ಬಿಸಿಲು ಎರಡೂ ಇರುವ ಕಡೆ ಸಾಲಾಗಿ ಇಟ್ಟೆವು. ಹೊಂಡದಿಂದ ಹೊಸದಾಗಿ ತಂದ ಗಿಡಗಳ ತುದಿ ಮಾತ್ರ ಕತ್ತರಿಸಿ, ಒಂದೊಂದೂ 6 ಸೆಂಟಿಮೀಟರ್, ಬಕೆಟಿಗೆ ಐದರಂತೆ ಹಾಕಿದೆವು. ಹಾಕುವ ಮುಂಚೆ ಒಂದೊಂದನ್ನೂ ತಟ್ಟೆಯಲ್ಲಿ ಮೆತ್ತನೆ ಬ್ರಷ್ಷಿನಿಂದ ಬಾಚಿದೆವು. ಪಾಚಿಯ ಒಂದು ಎಳೆ ಬಂದರೂ ತಿಂಗಳಲ್ಲಿ ಅದು ಬಕೆಟ್ ತುಂಬುತ್ತದೆ.

ಮೊದಲ ಎರಡು ಬಕೆಟಿಗೆ ಅಕ್ಕನ ಹಳೆ ಟಬ್ಬಿನ ನೀರು, ಸ್ವಲ್ಪ ಹೈಡ್ರಿಲ್ಲಾ. ಉಳಿದ ಎರಡಕ್ಕೆ ನಮ್ಮ ಮನೆಯಿಂದ ಹೊತ್ತು ತಂದ ಮಳೆ ನೀರು, ತಳದಲ್ಲಿ ಒಣಗಿದ ಜೇಕಿನ ಎಲೆ ಒಂದು ಸಣ್ಣ ಹಿಡಿ, ಅದರ ಮೇಲೆ ತೆಳ್ಳಗೆ ಹೊಂಡದ ಕೆಸರು. ಜೇಕು ಹುಲ್ಲಿಗಿಂತ ಗಟ್ಟಿ, ನಿಧಾನವಾಗಿ ಕೊಳೆಯುತ್ತದೆ. ಆದಮೆಟ್ಸ್ ಕೂಡ ಅದೇ ಜಾತಿಗೆ ಹತ್ತಿರದ ಹುಲ್ಲಿನ ಒಣ ಎಲೆಯನ್ನೇ ಶಿಫಾರಸು ಮಾಡುತ್ತಾರೆ. ಆಮೇಲೆ ಎರಡನೆಯ ಮತ್ತು ನಾಲ್ಕನೆಯ ಬಕೆಟಿಗೆ ಮಾತ್ರ ವಾರಕ್ಕೆ ಎರಡು ಸಲ ನೀರು ಚಿಗಟ. ಹಳೆ ಪಂಚೆಯಲ್ಲಿ ಹೊಂಡದ ನೀರು ಸೋಸಿ ತರುತ್ತಿದ್ದಳು ಅಕ್ಕ.

ಆರು ವಾರ ಆಯಿತು. ಅಷ್ಟರಲ್ಲಿ ಹೂಮಳೆ ಬಂದು ತೋಟವೆಲ್ಲ ಬೆಳ್ಳಗೆ ಅರಳಿತ್ತು.

ಒಂದನೇ ಬಕೆಟಿನಲ್ಲಿ ಎರಡು ತುದಿ ಸತ್ತಿದ್ದವು. ಮೂರು ಉಳಿದಿದ್ದವು, ಹಾಕಿದ್ದಕ್ಕಿಂತ ಗಿಡ್ಡ. ಎರಡನೆಯದರಲ್ಲಿ, ಚಿಗಟ ತಿನ್ನಿಸಿದ್ದರೂ, ಒಂದು ಸತ್ತು ನಾಲ್ಕು ಇದ್ದಲ್ಲೇ ಇದ್ದವು. ಮೂರನೆಯದರಲ್ಲಿ ಐದೂ ಬದುಕಿದ್ದವು, ಉದ್ದನೆಯದು 21 ಸೆಂಟಿಮೀಟರ್. ನಾಲ್ಕನೆಯದರಲ್ಲಿ ಉದ್ದನೆಯದು 34, ಮೂರು ಗಿಡ ಕವಲು ಒಡೆದಿದ್ದವು. ಚೀಲದೊಳಗೆ ಕಪ್ಪು ಚುಕ್ಕಿಗಳು ಎಣಿಸಲಾಗದಷ್ಟು.

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಎರಡನೇ ಬಕೆಟ್ಟು. ಊಟ ಕೊಟ್ಟೂ ಗಿಡ ಬೆಳೆಯಲಿಲ್ಲ. ಮಾಂಸಾಹಾರಿ ಗಿಡ ಅಂದ ಕೂಡಲೇ ನಮ್ಮ ಗಮನ ಅದರ ಬಾಯಿಯ ಕಡೆ ಹೋಗುತ್ತದೆ. ಏನು ತಿನ್ನಿಸಲಿ ಅಂತ ಕೇಳುತ್ತೇವೆ. ಬೇಟೆಯಿಂದ ಅದಕ್ಕೆ ಸಿಗುವುದು ಸಾರಜನಕ, ರಂಜಕ. ಮೈ ಕಟ್ಟುವ ಇಂಗಾಲದ ಬಹುಪಾಲು ನೀರಿನಿಂದಲೇ ಬರಬೇಕು. ಅದು ಸಿಗದಿದ್ದಾಗ ಸಾರಜನಕ ಎಷ್ಟು ಕೊಟ್ಟರೂ ಗಿಡ ಅದನ್ನು ಏನು ಮಾಡಲಿ? ಇಂಗಾಲ ಸಿಕ್ಕಾಗ ಮಾತ್ರ ಬೇಟೆ ಫಲ ಕೊಟ್ಟಿತು. ಮೂರಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ಅದೇ.

ಆದರೆ ಒಂದು ಅನುಮಾನ ಉಳಿದಿತ್ತು. ಜೇಕಿನ ಎಲೆ ಕಾರ್ಬನ್ ಡೈಆಕ್ಸೈಡ್ ಒಂದನ್ನೇ ಕೊಡುವುದಿಲ್ಲ. ನೀರಿಗೆ ಬಣ್ಣ ಕೊಡುತ್ತದೆ, ಪೊಟ್ಯಾಸಿಯಂ ಬಿಡುತ್ತದೆ. ನೀರೂ ಬೇರೆ. ಯಾವುದರಿಂದ ಗಿಡ ಚೇತರಿಸಿತು ಅಂತ ಹೇಗೆ ಹೇಳುವುದು? ಅದಕ್ಕೆ ಒಂದು ಬಾಟಲಿಗೆ ಬೆಲ್ಲದ ನೀರು, ಒಂದು ಚಿಟಿಕೆ ಯೀಸ್ಟ್ ಹಾಕಿ, ಮುಚ್ಚಳಕ್ಕೆ ಸಣ್ಣ ಪೈಪು ಚುಚ್ಚಿ, ಆ ಪೈಪನ್ನು ಒಂದನೇ ಬಕೆಟಿಗೆ ಇಳಿಸಿದೆವು. ಬೆಲ್ಲ ಹುಳಿಯುವಾಗ ಬರುವ ಗುಳ್ಳೆ ಶುದ್ಧ ಕಾರ್ಬನ್ ಡೈಆಕ್ಸೈಡ್. ಬೇರೆ ಏನನ್ನೂ ಬದಲಾಯಿಸಲಿಲ್ಲ. ಮಧ್ಯಾಹ್ನದ ಪಿಎಚ್ 9ರಿಂದ 7ಕ್ಕಿಂತ ಕೆಳಗೆ ಬಂತು. ಹತ್ತನೇ ದಿನಕ್ಕೆ ಉಳಿದಿದ್ದ ಮೂರೂ ತುದಿ ದಪ್ಪಗಾಗಿ ಸುರುಳಿ ಬಿಟ್ಟವು. ಅಕ್ಕ ಫೋಟೋ ಕಳಿಸಿ ಕೆಳಗೆ ಬರೆದಿದ್ದಳು, "ಉಸಿರು ಬಂತು."

ಮೂರನೇ ವಾರಕ್ಕೆ ಅದೇ ಬಕೆಟಿನಲ್ಲಿ ಪಾಚಿಯೂ ಕೊಬ್ಬಿ ಗಿಡವನ್ನು ಮತ್ತೆ ಸುತ್ತಿಕೊಂಡಿತು. ಆ ನೀರಿನಲ್ಲಿ ಹಳೆ ಗೊಬ್ಬರ, ಮೀನಿನ ಕೊಳೆ ಇನ್ನೂ ಇತ್ತಲ್ಲ. ಹಾಗಾಗಿ ಬೆಲ್ಲದ ಬಾಟಲಿಯೇ ಮದ್ದು ಅಂತ ನಾನು ಯಾರಿಗೂ ಹೇಳುವುದಿಲ್ಲ. ಗೊಬ್ಬರದ ಅಂಶ ಕಡಿಮೆ ಇರುವ ಬಡ ನೀರು, ನಿಧಾನ ಕೊಳೆಯುವ ಎಲೆ, ಪಾಚಿ ಇಲ್ಲದ ತುದಿ, ಈ ಮೂರೂ ಸೇರಿದರೆ ಮಾತ್ರ ಗಿಡ ನಿಲ್ಲುತ್ತದೆ. ನಾಲ್ಕು ಬಕೆಟ್ಟಿನ ಲೆಕ್ಕ ಸಣ್ಣದು, ಅದೂ ಒಂದೇ ಅಂಗಳದ್ದು. ಆದರೂ ನಾವು ಕಂಡದ್ದಕ್ಕೂ ದೊಡ್ಡ ಮಟ್ಟದಲ್ಲಿ ಅಭ್ಯಾಸ ಮಾಡಿದವರು ಹೇಳಿದ್ದಕ್ಕೂ ತಾಳೆ ಆಗುತ್ತದೆ.

ಇನ್ನೊಂದು ಮಾತು. ಶುದ್ಧ ಮಳೆ ನೀರಿನಲ್ಲಿ ಪಿಎಚ್ ಪೆನ್ನು ತುಂಬಾ ಹೊತ್ತು ಅಲ್ಲಾಡುತ್ತಲೇ ಇರುತ್ತದೆ, ಲವಣ ಕಡಿಮೆ ಇರುವ ಕಾರಣ. ಎರಡು ಮೂರು ನಿಮಿಷ ಕಾದು ನೋಡಿ. ಮತ್ತೆ, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಮೂರಕ್ಕೆ ಒಮ್ಮೆ, ಎರಡೂ ಹೊತ್ತು ನೋಡಿ.

ಬೇಸಿಗೆ, ಬೋರ್ಡೋ, ಮಳೆ

ಏಪ್ರಿಲಿನಲ್ಲಿ ಬಿಸಿಲು ಏರಿತು. ಕಪ್ಪು ಟಬ್ಬಿನ ನೀರು ಮಧ್ಯಾಹ್ನ ಕೈಗೆ ಬಿಸಿ ತಾಗುತ್ತಿತ್ತು. ಬಿಳಿ ಟಬ್ಬಿಗೆ ಬದಲಾಯಿಸಿ, ಮೇಲೆ ಹಸಿರು ನೆರಳು ಬಲೆ ಕಟ್ಟಿದೆವು. ಅಷ್ಟಕ್ಕೇ ಸರಿಹೋಯಿತು. ನೀರಿನ ಜಾಗ ದೊಡ್ಡದಾದಷ್ಟೂ ಬಿಸಿ ಏರಿಳಿತ ಕಡಿಮೆ, ಅದು ನೆನಪಿರಲಿ.

ಮಳೆಗೆ ಮುಂಚೆ ತೋಟಕ್ಕೆ ಬೋರ್ಡೋ ಹೊಡೆಯುವ ಕಾಲ ಬಂದಾಗ ನನಗೆ ನಿಜಕ್ಕೂ ಭಯ ಆಯಿತು. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ಈ ಗಿಡಕ್ಕೆ ಎರಡೂ ಆಗದು. ತಾಮ್ರ ನೀರು ಚಿಗಟವನ್ನು ಗಿಡಕ್ಕಿಂತ ಮೊದಲೇ ಕೊಲ್ಲುತ್ತದೆ. ಹೊಡೆಯುವ ದಿನ ಟಬ್ಬಿನ ಮೇಲೆ ಟಾರ್ಪಲ್ ಮುಚ್ಚಿ ನಾಲ್ಕು ಕಡೆ ಕಲ್ಲು ಇಟ್ಟೆವು. ಮೊದಲ ಎರಡು ಮಳೆಯ ಸೂರಿನ ನೀರನ್ನು ಡ್ರಮ್ಮಿಗೆ ಬಿಡಲಿಲ್ಲ, ಹೆಂಚಿನ ಮೇಲೆ ಬಿದ್ದದ್ದೆಲ್ಲ ತೊಳೆದು ಹೋಗಲಿ ಅಂತ. ತೋಟದ ಮನೆಯವರು ಇದನ್ನು ಮರೆಯಬಾರದು.

ಕಕ್ಕಡ ಅಂದರೆ ಆಟಿ ತಿಂಗಳ ಜೋರು ಮಳೆಯಲ್ಲಿ ಟಬ್ಬು ತುಂಬಿ ಹರಿದು ಒಂದಷ್ಟು ಗಿಡ ಅಂಗಳಕ್ಕೆ ಬಂದವು. ಅಂಚಿನಿಂದ ನಾಲ್ಕು ಬೆರಳು ಕೆಳಗೆ ತೂತು ಕೊರೆದು ಸೊಳ್ಳೆ ಪರದೆಯ ತುಂಡು ಕಟ್ಟಿದ ಮೇಲೆ ನಿಂತಿತು. ಅಷ್ಟು ದಿನ ಬಿಸಿಲೇ ಇರಲಿಲ್ಲ. ನೀರು ತಿಳಿಯಾಗುತ್ತಾ ಬಂತು, ಬೆಳವಣಿಗೆಯೂ ತಗ್ಗಿತು. ಆಗಸ್ಟಿನಲ್ಲಿ ಇನ್ನೊಂದು ಸಣ್ಣ ಹಿಡಿ ಜೇಕು ಹಾಕಿದೆವು.

ಗಪ್ಪಿಗಳನ್ನು ಬೇರೆ ಟಬ್ಬಿಗೆ ಸಾಗಿಸಿದ್ದರಿಂದ ಸೊಳ್ಳೆಯ ಬಗ್ಗೆ ಅತ್ತೆಗೆ ಚಿಂತೆ ಇತ್ತು. ಚೀಲದ ಗಿಡ ಸಣ್ಣ ಸೊಳ್ಳೆ ಮರಿಗಳನ್ನು ಹಿಡಿಯುತ್ತದೆ, ದೊಡ್ಡವನ್ನಲ್ಲ. ಅದನ್ನು ನಂಬಿ ಕೂರಬಾರದು. ಈಗ ಟಬ್ಬಿಗೆ ಬಲೆ ಹಾಸಿದ್ದೇವೆ, ವಾರಕ್ಕೊಮ್ಮೆ ಅತ್ತೆಯೇ ಚಹಾ ಸೋಸುವ ಜಾಲರಿಯಲ್ಲಿ ಮರಿ ತೆಗೆಯುತ್ತಾರೆ.

ಸೆಪ್ಟೆಂಬರ್ ಮೊದಲಲ್ಲಿ ಬರುವ ನಮ್ಮ ಕೈಲ್‌ಪೊಳ್ದ್ ಹಬ್ಬ ಕಳೆದ ಮುಂದಿನ ವಾರ ನಾಲ್ಕು ಹೂಕಡ್ಡಿ ನೀರಿನಿಂದ ಮೇಲೆ ಬಂದವು. ಮೊದಲ ಹೂ ಅರಳಿದ ದಿನ ಅಕ್ಕ ಗಿಡವನ್ನು ಎತ್ತಿ ಫೋನಿನ ಹತ್ತಿರ ಹಿಡಿದಳು. ಮಳೆ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ. ಆದರೂ ಕೇಳಿಸಿತು ಅಂದೆ, ಯಾಕೆಂದರೆ ಒಂದೆರಡು ಪಟ್ ನಿಜಕ್ಕೂ ಬಂದ ಹಾಗಿತ್ತು.

ಈಗ ಅವಳ ಕಣ್ಣು ಮತ್ತೆ ಆ ಸಿಮೆಂಟ್ ತೊಟ್ಟಿಯ ಮೇಲೆ ಇದೆ. ಒಂದು ಮಳೆಗಾಲ ಪೂರ್ತಿ ತುಂಬಿ ಹರಿದಿದೆ, ಬಾಳೆ ದಿಂಡು ಕತ್ತರಿಸಿ ಹಾಕಿ ಎರಡು ಸಲ ಕೊಳೆಸಿ ತೆಗೆದಿದ್ದಾರೆ. ಕಳೆದ ಭಾನುವಾರ ಮಧ್ಯಾಹ್ನ ಮೂರಕ್ಕೆ ನೋಡಿದಾಗ ಪಿಎಚ್ 7.9. ಇನ್ನೂ ಜಾಸ್ತಿಯೇ. ತಳಕ್ಕೆ ಜೇಕಿನ ಎಲೆ ಹಾಸಿ ಎರಡು ವಾರ ಬಿಡುವುದು, ಆಮೇಲೆ ಎರಡೇ ಎರಡು ತುದಿ ಹಾಕಿ ನೋಡುವುದು ಅಂತ ಮಾತಾಗಿದೆ.